ದೀಪ ಹಚ್ಚಿದ ಮೇಲೆ ಕಾರ್ಡು ತಿಕ್ಕಬಾರದು

ಲಂಡನ್ನಿನಲ್ಲಿ ಮಧ್ಯಾಹ್ನ ಎರಡೂವರೆಗೇ ಸಂಜೆಯಾಗುತ್ತದೆ ಎಂದು ವಾದಿಸಿ ಗೆಲ್ಲಬಲ್ಲ ಮನುಷ್ಯ ಈ ಭೂಮಿಯ ಮೇಲೆ ಒಬ್ಬನೇ ಇದ್ದಾನೆ. ದುರದೃಷ್ಟವಶಾತ್ ಅವನು ನನ್ನ ಸೋದರಮಾವ. ಇನ್ನೂ ದುರದೃಷ್ಟವೆಂದರೆ, ಅವನ ಜೊತೆ ಅಲ್ಲಿಗೆ ಹೋದವಳು ನಾನು!

ಹೋಗಬೇಕಾಗಿದ್ದವಳು ಅವನ ಹೆಂಡತಿ, ನನ್ನ ಅತ್ತೆ. ಗಜೇಂದ್ರಗಡದಲ್ಲಿ ಸೀರೆ ಅಂಗಡಿ ಇಟ್ಟುಕೊಂಡಿರುವ ಈ ಗಂಡ ಹೆಂಡತಿಗೆ ಮದುವೆಯಾದಾಗಿನಿಂದ ಒಂದೇ ಆಸೆ: ಇಬ್ಬರೂ ಕೂಡಿ ಸಮುದ್ರ ನೋಡಬೇಕು. ಆದರೆ ಅತ್ತೆಗೆ ಬಸ್ಸು ರೋಣ ಮುಟ್ಟುವುದರೊಳಗೆ ವಾಂತಿ. ಕಾರವಾರವೇ ಕೈಗೆಟುಕದವಳಿಗೆ "ವಿಮಾನ ಕುಲುಕಾಡೂದಿಲ್ಲ" ಎಂದು ನಂಬಿಸಿ ಮಾವ ಲಂಡನ್ ಪ್ರವಾಸಕ್ಕೆ ಇಬ್ಬರ ಹೆಸರು ಬರೆಸಿದ. ತಾಲೀಮಿಗೆಂದು ಕಾರಿನಲ್ಲಿ ನರಗುಂದದ ತನಕ ಕರೆದೊಯ್ದ. ನರಗುಂದದ ಗುಡ್ಡ ಕಾಣುವ ಮೊದಲೇ ಅತ್ತೆ ಕೈಚೆಲ್ಲಿದಳು.

"ನೀವು ಹೋಗಿ ನೋಡ್ರಿ. ನನಗ ಫೋನಿನ್ಯಾಗ ತೋರಸ್ರಿ. ಅಲ್ಲಿ ಸಮುದ್ರ ಎಷ್ಟರ ಕುಲುಕಾಡ್ಲಿ, ನಾ ಇಲ್ಲಿ ಗಟ್ಟಿ ಕುಂದರ್ತೀನಿ."

ಹಾಗಾಗಿ ರೋಣದ ಕಾಲೇಜಿನಲ್ಲಿ ಪಾಠ ಹೇಳಿಕೊಂಡಿದ್ದ ನನ್ನನ್ನು ಅವಳ ಬದಲಿಗೆ ವಿಮಾನ ಹತ್ತಿಸಲಾಯಿತು.

ಅದಕ್ಕೂ ಮುನ್ನ, ಕಾರ್ಡು ವಿದೇಶದಲ್ಲಿ ನಡೆಯುವಂತೆ ಮಾಡಿಸಲು ಮಾವ ಬ್ಯಾಂಕಿಗೆ ಹೋದ. ಪೇಢೆ ಒಯ್ದ! "ಸಾಹೇಬ್ರ, ಕಾರ್ಡು ಮೊದಲನೇ ಸಲ ಊರು ಬಿಡಾಕತ್ತೈತ್ರಿ. ಅಲ್ಲಿ ನಿಮ್ಮ ಮಂದಿಗೆ ಒಂದ್ ಮಾತು ಹೇಳಿಬಿಡ್ರಿ." ನಾನು ನಕ್ಕೆ. ನಗಬಾರದಿತ್ತು. ಪೇಢೆ ತಿನ್ನಿಸದ ನನ್ನ ಕಾರ್ಡು ಲಂಡನ್ನಿನಲ್ಲಿ ಇಳಿದ ಕೂಡಲೇ ಪ್ರಾಣ ಬಿಟ್ಟಿತು. ಮುಂದಿನದೆಲ್ಲ ಮಾವನ ಕಾರ್ಡಿನ ದಯೆ.

ಮೊದಲ ದಿನ ಹೋಟೆಲಿನ ಕಾರ್ಡು ಯಂತ್ರ, ಪೌಂಡಿನಲ್ಲಿ ಕೊಡುತ್ತೀರೋ ರೂಪಾಯಿಯಲ್ಲೋ ಎಂದು ಕೇಳಿತು. ಮಾವ ರೂಪಾಯಿ ಒತ್ತಿಯೇಬಿಟ್ಟ.

"ಮಾವಾ, ಹಂಗ ಒತ್ತಿದ್ರ ದರ ಜಾಸ್ತಿ ಹಿಡೀತಾರ!"

"ಹಿಡೀಲಿ. ಪರದೇಶದಾಗ ರೂಪಾಯಿಯಂಥ ನಮ್ಮೂರಾವ ಭೆಟ್ಟಿಯಾದ್ರ, ಚಾ ಕುಡಸದ ಬರ್ತಾರೇನು?"

ಮಧ್ಯಾಹ್ನ ಮೂರಕ್ಕೆ ನನಗೆ ಕಾಫಿ ಬೇಕೆನಿಸಿತು. ಮಾವ ಕಾರ್ಡನ್ನು ಒಳಜೇಬಿಗೆ ಇಳಿಸಿದ. "ದೀಪ ಹಚ್ಚಿದ ಮ್ಯಾಲೆ ಲಕ್ಷ್ಮೀನ್ನ ಹೊರಗ ಕೊಡಬಾರದು." ಇದು ನಮ್ಮ ಪೇಟೆಯ ಹಳೆಯ ನೇಮ, ನಿಜ. ಆದರೆ ನೆತ್ತಿಯ ಮೇಲೆ ಬಿಸಿಲಿತ್ತು!

"ಖೋಡಿ, ರೊಕ್ಕ ಎಲ್ಲೈತಿ?"

"ಬ್ಯಾಂಕಿನ್ಯಾಗ."

"ಬ್ಯಾಂಕು?"

"ಗಜೇಂದ್ರಗಡದಾಗ."

"ಅಲ್ಲೀಗ ದೀಪ ಹಚ್ಚ್ಯಾರೋ ಇಲ್ಲೋ?"

ಎಂ.ಎ. ಮಾಡಿದ ನಾನು ಬೆರಳೆಣಿಸಿದೆ: ಅಲ್ಲಿ ಸಂಜೆ ಏಳೂವರೆ. ಬ್ಯಾಂಕಿನ ಸರ್ವರ್ ಎಲ್ಲಿದೆ ಎಂದು ಕೇಳಬಹುದಿತ್ತು. ಹೊಳೆದದ್ದು ಊರಿಗೆ ಬಂದ ಮೇಲೆ. ಅಂದಿನಿಂದ ರಾತ್ರಿಯ ಊಟವನ್ನು ಮಧ್ಯಾಹ್ನವೇ ಕೊಂಡು, ತಣ್ಣಗಾಗಿಸಿ, ಶ್ರದ್ಧೆಯಿಂದ ಉಂಡೆವು.

ನೇಮ ತಪ್ಪದಿರಲೆಂದು ಮಾವ ದಿನಾ ಅತ್ತೆಗೆ ಫೋನು ಮಾಡುತ್ತಿದ್ದ. "ದೀಪ ಹಚ್ಚಿದಿ?" "ಹಚ್ಚೀನ್ರಿ." ಅಲ್ಲಿಗೆ ಮುಗಿಯಬೇಕಲ್ಲ? ಇಲ್ಲ! ಹಿತ್ತಲಿನ ಬೆಕ್ಕು ಮರಿ ಹಾಕಿತೇ, ಮಜ್ಜಿಗೆ ಹುಳಿಯಾಯಿತೇ, ಎಲ್ಲವೂ ಆಗಬೇಕು. ದೀಪವೇ ನೆಪವಿರಬೇಕು ಎಂಬ ಅನುಮಾನ ನನಗೆ ಆಗಲೇ ಬಂದಿತ್ತೋ, ಈಗ ಬರೆಯುವಾಗ ಬರುತ್ತಿದೆಯೋ, ಆಣೆ ಮಾಡಿ ಹೇಳಲಾರೆ. ನೆನಪಿಗೆ ಜಾಣತನ ತಡವಾಗಿ ಬರುತ್ತದೆ. ಆದರೆ ಲಂಡನ್ನಿನ ಬಸ್ಸಿನಲ್ಲಿ ಅವನು ಕಿಟಕಿ ಪಕ್ಕದ ಸೀಟನ್ನು ಖಾಲಿ ಬಿಟ್ಟು ಕೂರುತ್ತಿದ್ದುದು ಖಂಡಿತ ನೆನಪಿದೆ. "ಅಕಿಗೆ ಗಾಳಿ ಬೇಕಾಕ್ಕೈತಿ" ಎಂದು ಒಮ್ಮೆ ಅಂದವನು, ತಾನೇ ಬೆಚ್ಚಿ, ಜರುಗಿ ಕೂತ.

ಸಮುದ್ರವಿದ್ದ ಊರಿಗೆ ಕೊನೆಯ ದಿನ ರೈಲಿನಲ್ಲಿ ಹೋಗುವುದೆಂದು ನಿಶ್ಚಯವಾಗಿತ್ತು. ಆದರೆ ನಮ್ಮ ಪ್ರವಾಸದ ಬಸ್ಸು ಸುತ್ತಾಡಿಸಿ ನಿಲ್ದಾಣಕ್ಕೆ ಬಿಟ್ಟಾಗ ಮೂರು ಹೊಡೆಯಲು ಬಂದಿತ್ತು. ಟಿಕೆಟ್ಟಿನ ಯಂತ್ರ ಕಾರ್ಡನ್ನಷ್ಟೇ ತಿನ್ನುವ ಜಾತಿಯದು. ಈ ರೈಲು ತಪ್ಪಿದರೆ ಸಮುದ್ರವಿಲ್ಲ, ರಾತ್ರಿ ವಿಮಾನ.

ಮಾವ ಕಾರ್ಡು ಹಿಡಿದು ನಿಂತ. "ಆತು ಬಿಡು. ದೀಪ ಹಚ್ಚಿರ್ತಾಳ." ಹಟದ ಧ್ವನಿಯಾಗಿರಲಿಲ್ಲ ಅದು. ನಾನೇ ಅತ್ತೆಗೆ ವಿಡಿಯೋ ಕರೆ ಮಾಡಿದೆ. ಎತ್ತಿದಳು. ಪರದೆ ಪೂರ್ತಿ ಕಪ್ಪು.

"ಅತ್ತೀ, ಏನೂ ಕಾಣವಲ್ದು. ದೀಪ ಹಚ್ಚಿಲ್ಲೇನು?"

"ಇನ್ನಾ ಇಲ್ಲವ್ವ."

ಮಾವ ಫೋನು ಕಸಿದುಕೊಂಡ. "ಇಷ್ಟೊತ್ತಾದ್ರೂ? ಆರಾಮ ಅದಿ ಹೌದಿಲ್ಲೋ?"

"ಆರಾಮ ಅದೀನ್ರಿ. ಸಮುದ್ರದ ಫೋನು ಬರಲಿಲ್ಲ, ಟಿಕೆಟ್ ಆಗಿಲ್ಲಂತ ತಿಳೀತು. ಬಲ್ಬ್ ಸುದ್ದಾ ಹಾಕದ ಕುಂತೀನಿ. ಗುಂಗಾಡ ಗುಂಯ್ ಅಂತ ಹರಕೊಂಡು ತಿನ್ನಾಕತ್ತಾವ, ಲಗೂ ತಿಕ್ರಿ ಆ ಕಾರ್ಡು!"

ಮಾವ ತಿಕ್ಕಿದ. ಟಿಕೆಟ್ ಬಂತು.

"ಆತೇನ್ರಿ?"

"ಆತು."

ಕಡ್ಡಿ ಗೀರಿದ ಸದ್ದು. ಕತ್ತಲಲ್ಲಿ ಮೊದಲು ಒಂದು ಬೆರಳು ಕಂಡಿತು, ಆಮೇಲೆ ಮೂಗುತಿ, ಆಮೇಲೆ ಅತ್ತೆಯ ಮುಖ.

ರೈಲು ಬಂದು ನಿಂತಿತ್ತು. ನಾನು ಮಾವನ ತೋಳು ಜಗ್ಗಿದೆ.

"ತಡಿ," ಎಂದ ಮಾವ, ಪರದೆಯಿಂದ ಕಣ್ಣು ಕೀಳದೆ. "ಇನ್ನಾ ನೋಡಾಕತ್ತೀನಿ."