ವಿರೋಧದ ಕುರ್ಚಿ

ಅರ್ಥಶಾಸ್ತ್ರ ಪಾಠ ಮಾಡುವವರ ಬದುಕಿನಲ್ಲಿ ನಗುವಂಥದ್ದೇನೂ ನಡೆಯೋದಿಲ್ಲ ಅಂತ ಜನ ತಿಳಿದಿದ್ದಾರೆ. ನಡೆಯುತ್ತೆ. ಸರ್ಕಾರದ ಖರ್ಚು ಆದಾಯವನ್ನು ಮೀರಿ ಓಡುವ ಕಾಲದಲ್ಲಂತೂ ಬೇಡ ಅಂದರೂ ನಡೆಯುತ್ತೆ.

ನಾನಾಗ ದೆಹಲಿಯ ಒಂದು ಕಾಲೇಜಿನಲ್ಲಿ ಅಡ್‌ಹಾಕ್ ಅಧ್ಯಾಪಕಿ. ಅಂದರೆ, ಮುಂದಿನ ತಿಂಗಳು ಕೆಲಸ ಇದೆಯೋ ಇಲ್ಲವೋ ಪ್ರಾಂಶುಪಾಲರಿಗೂ ಗೊತ್ತಿರದಂಥ ನೌಕರಿ. ಮನೆ ನಡೆಯುತ್ತಿದ್ದದ್ದು ನಮ್ಮೆಜಮಾನರ ಸಂಬಳದಲ್ಲಿ. ಅವರು ಮಾನೇಸರ್‌ನಲ್ಲಿ ಕಾರಿನ ಬಾಗಿಲಿಗೆ ಬೀಗ ಮಾಡುವ ಕಾರ್ಖಾನೆಯಲ್ಲಿ ಎಂಜಿನಿಯರ್. ರೋಹಿಣಿಯಿಂದ ಕಂಪನಿ ಬಸ್ಸಿನಲ್ಲಿ ಹೋಗಿ ಬರುವುದರಲ್ಲೇ ಅವರ ಅರ್ಧ ಆಯಸ್ಸು ಕಳೀತಿತ್ತು.

ಅಮೆರಿಕದ ಬ್ಯಾಂಕುಗಳು ಮುಗ್ಗರಿಸಿದ ಆ ಚಳಿಗಾಲದಲ್ಲಿ ಇಲ್ಲಿ ಕಾರು ಕೊಳ್ಳುವವರೇ ಇಲ್ಲವಾದರು. ದಿನಾ ಬರುತ್ತಿದ್ದ ಬಸ್ಸು ದಿನ ಬಿಟ್ಟು ದಿನ ಬರತೊಡಗಿತು. ಸರ್ಕಾರ ತೆರಿಗೆ ಇಳಿಸಿದರೆ ಕಾರು ಮಾರಾಟವಾಗಿ ನಮ್ಮವರ ಕೆಲಸ ಉಳಿಯುತ್ತೆ, ಇಳಿಸದಿದ್ದರೆ ಹೋಗುತ್ತೆ. ಆದರೆ ತೆರಿಗೆ ಇಳಿಸಿದಷ್ಟೂ ಸರ್ಕಾರದ ಕೊರತೆ ಬೆಳೆಯುತ್ತೆ. ಆ ಕೊರತೆಯ ಬಗ್ಗೆ ಟಿವಿಯಲ್ಲಿ ಮಾತಾಡೋಕೆ ಇಡೀ ದೆಹಲಿಯಲ್ಲಿ ಒಂದು ಚಾನೆಲ್‌ನವರಿಗೆ ಸಿಕ್ಕಿದ್ದು ನಾನು!

ಎರಡೇ ಕುರ್ಚಿ

ನೋಯ್ಡಾದ ಸ್ಟುಡಿಯೋದಲ್ಲಿ ಮುಖಕ್ಕೆ ಪೌಡರ್ ಬಳಿಯುತ್ತಿದ್ದಾಗಲೇ ಒಬ್ಬಳು ಹುಡುಗಿ ಬಂದಳು. ಕಿವಿಯಲ್ಲಿ ವೈರು, ಕೈಯಲ್ಲಿ ಚಹಾ.

"ಮೇಡಂ, ನೀವು ಸರ್ಕಾರದ ಪರಾನಾ, ವಿರೋಧಾನಾ?"

"ನೋಡಮ್ಮಾ, ಅದು ಅಷ್ಟು ಸುಲಭ ಅಲ್ಲ" ಅಂತ ತರಗತಿಯ ದನಿಯಲ್ಲೇ ಶುರು ಮಾಡಿದೆ. "ಕಷ್ಟಕಾಲದಲ್ಲಿ ಸರ್ಕಾರ ಖರ್ಚು ಮಾಡಬೇಕು, ಸರಿ. ಆದರೆ ಕೊರತೆ ಹೀಗೇ ಬೆಳೆದರೆ ನಾಳೆ ಬೆಲೆ ಏರುತ್ತೆ. ಹಾಗಾಗಿ ಸ್ವಲ್ಪ ಪರ, ಸ್ವಲ್ಪ ವಿರೋಧ."

ಅವಳು ನನ್ನ ಮುಖ ನೋಡಿ ಪಾಪ ಅನ್ನುವ ಹಾಗೆ ತಲೆ ಅಲ್ಲಾಡಿಸಿದಳು. "ಅಂಥ ಕುರ್ಚಿ ನಮ್ಮಲ್ಲಿಲ್ಲ ಮೇಡಂ. ಎಡಗಡೆ ಪರ, ಬಲಗಡೆ ವಿರೋಧ. ಎಡಗಡೆಯದು ತುಂಬಿದೆ."

ಹೀಗೆ ನಾನು ವಿರೋಧಿಯಾದೆ. ತೆರಿಗೆ ಇಳಿಸಲೇಬಾರದು ಅಂತ ಮೇಜು ಕುಟ್ಟಿ ಹೇಳಿದೆ. ಮನೆಗೆ ಬಂದಾಗ ನಮ್ಮವರು ಮೊಸರನ್ನ ಕಲಸಿಕೊಂಡು ಉಣ್ಣುತ್ತಿದ್ದರು. "ಏನ್ರೀ, ಹೇಗಿತ್ತು?" ಅಂದೆ. "ಸೀರೆ ಚೆನ್ನಾಗಿ ಕಾಣ್ತಿತ್ತು" ಅಂದರು.

ಅದೇ ವಾರ ಸರ್ಕಾರ ತೆರಿಗೆ ಇಳಿಸಿತು. ನನ್ನ ಮಾತಿಗೆ ಎಷ್ಟು ಬೆಲೆ ಅಂತ ನನಗೆ ಅವತ್ತೇ ಗೊತ್ತಾಯಿತು.

ಒಂದೇ ಗಾಡಿ

ಮಾತಿಗೆ ಬೆಲೆ ಇಲ್ಲದಿದ್ದರೂ ಕರೆ ಮಾತ್ರ ನಿಲ್ಲಲಿಲ್ಲ. ಚಾನೆಲ್‌ಗೂ ಮುಗ್ಗಟ್ಟು ತಟ್ಟಿದ್ದರಿಂದ ಎಲ್ಲರಿಗೂ ಸೇರಿಸಿ ಒಂದೇ ಗಾಡಿ ಕಳಿಸತೊಡಗಿದರು. ಹಿಂದಿನ ಸೀಟಿನಲ್ಲಿ ನನ್ನ ಆ ಕಡೆ ಆಡಳಿತ ಪಕ್ಷದ ವಕ್ತಾರರು, ಈ ಕಡೆ ವಿರೋಧ ಪಕ್ಷದ ವಕ್ತಾರರು, ನಡುವೆ ನಾನು.

ಯಮುನೆ ದಾಟುವ ಹೊತ್ತಿಗೆ ಆಡಳಿತ ಪಕ್ಷದವರು ಮೆಲ್ಲಗೆ ಕೇಳಿದರು: "ಮೇಡಂಜಿ, ಈ ಕೊರತೆ ಒಳ್ಳೆಯದು ಅಂತ ಹೇಳೋಕೆ ಒಂದೆರಡು ಪಾಯಿಂಟ್ ಕೊಡಿ."

ಕೊಟ್ಟೆ. ಈ ಕಡೆಯವರು ಬಿಡುತ್ತಾರೆಯೇ? "ನನಗೆ ಕೆಟ್ಟದ್ದು ಅಂತ ಹೇಳೋಕೆ ಕೊಡಿ." ಅವರಿಗೂ ಕೊಟ್ಟೆ.

ಸ್ಟುಡಿಯೋದಲ್ಲಿ ಇಬ್ಬರೂ ಹರಿಹಾಯ್ದದ್ದೇ ಹರಿಹಾಯ್ದದ್ದು. "ದೇಶವನ್ನು ಮುಳುಗಿಸಿದಿರಿ!" "ಬಡವರ ಅನ್ನ ಕಿತ್ತುಕೊಳ್ಳೋಕೆ ಹೊರಟಿದ್ದೀರಿ!" ಎದುರಿನ ನೀರಿನ ಲೋಟ ಅಲುಗಾಡುತ್ತಿತ್ತು. ನನಗೆ ನಿಜವಾಗಿಯೂ ಹೆದರಿಕೆಯಾಯಿತು. ವಾಪಸು ಇವರಿಬ್ಬರ ನಡುವೆ ಕೂತು ಹೋಗಬೇಕಲ್ಲ!

ಗಾಡಿ ಹತ್ತಿದೆವು. ಯಮುನೆ ಬರುವ ಮೊದಲೇ ಆಡಳಿತ ಪಕ್ಷದವರು ಜೇಬಿನಿಂದ ಕಡಲೆಕಾಯಿ ತೆಗೆದು ನನ್ನ ಮುಂದಿನಿಂದಲೇ ಕೈ ಚಾಚಿ ವಿರೋಧ ಪಕ್ಷದವರಿಗೆ ಕೊಟ್ಟರು.

"ನಾಳೆ ನೀನೇ ಮೊದಲು ಬೈಯಪ್ಪಾ. ನನಗೆ ಗಂಟಲು ಕಟ್ಟಿದೆ."

ಹೋಳಿಗೆ ಪಕ್ಷ

ಯುಗಾದಿ ಬಂತು. ಅಷ್ಟರಲ್ಲಿ ನಾನು ಟಿವಿಯಲ್ಲಿ ಇನ್ನೊಂದು ಸಲ ವಿರೋಧಿಸಿ, ಸರ್ಕಾರ ಇನ್ನೊಂದು ಸಲ ತೆರಿಗೆ ಇಳಿಸಿಯೂ ಆಗಿತ್ತು.

ಕರೋಲ್ ಬಾಗ್‌ನ ಒಂದು ಬಾಡಿಗೆ ಹಾಲ್‌ನಲ್ಲಿ ನಾವು ಕನ್ನಡದವರು ಹಬ್ಬದೂಟಕ್ಕೆ ಸೇರುವ ರೂಢಿ. ಆ ವರ್ಷ ಹೋಳಿಗೆ ಮಾಡಿಸಬೇಕೋ ಬೇಡವೋ ಅಂತ ಮೊದಲೇ ಸಭೆ. ನಿವೃತ್ತ ಅಧಿಕಾರಿಯೊಬ್ಬರು ಎದ್ದು ನಿಂತು, "ಸಂಘದ ಹತ್ತಿರ ದುಡ್ಡಿಲ್ಲ. ಪಾಯಸ ಸಾಕು. ಕೊರತೆ ಮಾಡಿಕೊಂಡು ಹಬ್ಬ ಮಾಡೋದು ಯಾವ ನ್ಯಾಯ?" ಅಂದರು. ಗುರುಗಾಂವ್‌ನ ಸಾಫ್ಟ್‌ವೇರ್ ಹುಡುಗರು, "ಸರ್, ಮುಗ್ಗಟ್ಟಿನ ಕಾಲದಲ್ಲೇ ಖರ್ಚು ಮಾಡಬೇಕು. ಅಡುಗೆಯವರಿಗೂ ಕೆಲಸ ಸಿಗುತ್ತೆ" ಅಂತ ವಾದಿಸಿದರು. ತೀರ್ಪು ಹೇಳಿ ಅಂತ ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಅಭ್ಯಾಸಬಲದಿಂದ, "ಹೋಳಿಗೆ ಬೇಡ" ಅಂದೆ.

ಹೋಳಿಗೆಯೇ ಗೆದ್ದಿತು. ಊಟದ ದಿನ ನಿವೃತ್ತ ಅಧಿಕಾರಿಗಳು ಮೊದಲ ಪಂಕ್ತಿಯಲ್ಲೇ ಕೂತಿದ್ದರು. "ಏನ್ಸಾರ್, ನೀವು ವಿರೋಧ ಅಲ್ವಾ?" ಅಂತ ಬಡಿಸುವವರು ರೇಗಿಸಿದರೆ, "ವಿರೋಧ ದಾಖಲಾಗಿದೆ ಕಣಯ್ಯಾ, ತುಪ್ಪ ಹಾಕು" ಅಂದರು.

ಬಜೆಟ್ಟಿನ ಹಿಂದಿನ ದಿನ

ಚುನಾವಣೆ ಮುಗಿದು ಸೆಕೆಗಾಲಕ್ಕೆ ಹೊಸ ಬಜೆಟ್ ಅಂತಾಯಿತು. ತೆರಿಗೆ ಕಡಿತವನ್ನು ಸರ್ಕಾರ ವಾಪಸು ತಗೊಳ್ಳುತ್ತೆ ಅಂತ ಎಲ್ಲೆಲ್ಲೂ ಗುಲ್ಲು. ತಗೊಂಡರೆ ಮಾನೇಸರ್‌ನಲ್ಲಿ ಬಜೆಟ್ ಮುಗಿದ ಮಾರನೆಯ ದಿನವೇ ಜನರನ್ನು ಮನೆಗೆ ಕಳಿಸುತ್ತಾರೆ ಅಂತ ಇನ್ನೊಂದು ಗುಲ್ಲು. ನಮ್ಮವರು ಆಗಾಗ, "ಮ್ಯಾನೇಜರ್ ಇವತ್ತೂ ನಿನ್ನ ವಿಚಾರ ಕೇಳಿದರು" ಅನ್ನುತ್ತಿದ್ದರು. ನನ್ನ ಮೇಲಿನ ಸಿಟ್ಟಿಗೇ ಕೇಳಿದ್ದು ಅಂತ ನಾನು ತಿಳಿಯುತ್ತಿದ್ದೆ. ಗಂಡನ ಕೆಲಸ ಹೋಗಲಿ ಅಂತ ಊರಿಗೆಲ್ಲ ಕೇಳುವ ಹಾಗೆ ಸಾರುವ ಹೆಂಡತಿ ಇನ್ನೆಲ್ಲಾದರೂ ಇದ್ದಾಳೆಯೇ?

ಬಜೆಟ್ಟಿನ ಹಿಂದಿನ ದಿನ ಸಂಜೆಯ ಚರ್ಚೆಗೆ ನಾನು ಹೊರಟಾಗ ಅವರು ಕಾರ್ಖಾನೆಯ ಅಂಗಿಗೆ ಇಸ್ತ್ರಿ ಹಾಕುತ್ತಿದ್ದರು. ಮರುದಿನ ಅವರಿಗೆ ಪಾಳಿಯೇ ಇರಲಿಲ್ಲ. ಸುಮ್ಮನೆ ಹಾಕುತ್ತಿದ್ದರು. ನನಗೆ ಸಂಕಟ ತಡೆಯಲಾಗಲಿಲ್ಲ.

ವಿರೋಧದ ಕುರ್ಚಿಯಲ್ಲಿ ಕೂತೇ ಹೇಳಿಬಿಟ್ಟೆ: "ಕೊರತೆ ಬೆಳೆದರೆ ಬೆಳೆಯಲಿ. ಜನರ ಕೆಲಸ ಮುಖ್ಯ. ತೆರಿಗೆ ಕಡಿತ ಮುಂದುವರಿಯಲೇಬೇಕು."

ನನ್ನ ಪಕ್ಕದ ವಿರೋಧ ಪಕ್ಷದವರು, "ಮೇಡಂಜಿ, ಇದು ಅವರ ಪಾಯಿಂಟು" ಅಂತ ಪಿಸುಗುಟ್ಟಿದರು.

ಹಗುರಾದ ಮನಸ್ಸಿನಿಂದ ಮನೆಗೆ ಬಂದೆ. ನೋಡಿದರೆ ನಮ್ಮವರು ತಲೆ ಮೇಲೆ ಕೈ ಹೊತ್ತು ಕೂತಿದ್ದಾರೆ!

"ಏನೇ ಮಾಡಿಬಿಟ್ಟೆ! ಇಷ್ಟು ದಿನ ಚೆನ್ನಾಗಿ ಬೈತಿದ್ದೆಯಲ್ಲೇ!"

"ನಿಮಗೋಸ್ಕರ ಅಲ್ವೇನ್ರೀ ಹೇಳಿದ್ದು?"

ಅವರು ಉತ್ತರ ಕೊಡುವ ಮೊದಲೇ ಫೋನು ಬಂತು. ಕಾರ್ಖಾನೆಯ ಮ್ಯಾನೇಜರ್. ಹರಿಯಾಣದ ದನಿ, ಸ್ಪೀಕರ್ ಹಾಕದೆಯೇ ನನಗೂ ಕೇಳಿಸುತ್ತಿತ್ತು. ನಮ್ಮವರು ಫೋನನ್ನು ನನ್ನ ಕೈಗೇ ಕೊಟ್ಟರು.

"ಭಾಭೀಜಿ, ಇದೇನು ಅನ್ಯಾಯ! ನೀವು ಬೇಡ ಅಂದಾಗಲೆಲ್ಲ ಸರ್ಕಾರ ತೆರಿಗೆ ಇಳಿಸಿದೆ. ಒಂದು ಸಲವೂ ತಪ್ಪಿಲ್ಲ. ನಿಮ್ಮ ಯಜಮಾನರನ್ನು ಮುಟ್ಟಬೇಡಿ ಅಂತ ಮಾಲೀಕರಿಗೆ ಹೇಳಿ ಇಟ್ಟುಕೊಂಡಿರೋದೇ ಅದಕ್ಕೆ. ಈಗ ನೀವು ಬೇಕು ಅಂದುಬಿಟ್ಟಿರಿ, ಇನ್ನು ಸರ್ಕಾರ ಕೊಡುತ್ತಾ?"

"ಈಗೇನು ಮಾಡಲಿ ಭಾಯಿಸಾಬ್?"

"ಮಾಡೋದೇನು? ಬಜೆಟ್ ಇರೋದು ನಾಳೆ ಹನ್ನೊಂದಕ್ಕೆ. ಬೆಳಗ್ಗೆ ಯಾವುದಾದರೂ ಚಾನೆಲ್ ಹಿಡಿದು ವಿರೋಧಿಸಿ. ಗಾಡಿ ನಾನು ಕಳಿಸ್ತೀನಿ."

ಬೆಳಗ್ಗೆ ಹಾಲಿನವನಿಗಿಂತ ಮೊದಲೇ ಗಾಡಿ ಬಂತು. ನಮ್ಮವರು ಇಸ್ತ್ರಿ ಹಾಕಿದ ಆ ಅಂಗಿಯನ್ನೇ ತೊಟ್ಟು ಜೊತೆಗೆ ಬಂದರು. ಕಾಡಿ ಬೇಡಿ ಒಂದು ಬೆಳಗಿನ ಕಾರ್ಯಕ್ರಮದಲ್ಲಿ, ಅಡುಗೆ ಮಾಡಿ ತೋರಿಸುವುದಕ್ಕೂ ರಾಶಿಭವಿಷ್ಯಕ್ಕೂ ನಡುವೆ ಒಂದಿಷ್ಟು ಜಾಗ ಗಿಟ್ಟಿಸಿದೆ. ಕಡಿತ ಈ ಕ್ಷಣ ರದ್ದಾಗಲಿ ಅಂತ ಮೇಜು ಕುಟ್ಟಿದೆ. ಕ್ಯಾಮೆರಾದ ಹಿಂದೆ ನಿಂತ ನಮ್ಮವರು ಇನ್ನೂ ಜೋರಾಗಿ, ಇನ್ನೂ ಜೋರಾಗಿ ಅಂತ ಕೈಸನ್ನೆ ಮಾಡುತ್ತಿದ್ದರು.

ಬಜೆಟ್ಟಿನಲ್ಲಿ ಕಾರಿನ ತೆರಿಗೆಯನ್ನು ಯಾರೂ ಮುಟ್ಟಲಿಲ್ಲ.

ಮರುದಿನ ಸಂಜೆ ನಮ್ಮವರು ಕಂಪನಿ ಬಸ್ಸಿನಿಂದ ಒಂದು ದೊಡ್ಡ ಮಿಠಾಯಿ ಡಬ್ಬಿ ಹಿಡಿದು ಇಳಿದರು. ಮುಖ ಹೂವಾಗಿತ್ತು.

"ಮ್ಯಾನೇಜರ್ ನಿನಗೆ ಅಂತ ಕೊಟ್ಟಿದ್ದಾರೆ."

"ಏನಂದರು?"

"ದೇವರು ನಿಮ್ಮ ಮನೆಯವರಿಗೆ ನೂರು ವರ್ಷ ಆಯಸ್ಸು ಕೊಡಲಿ, ಅಷ್ಟೂ ವರ್ಷ ಹೀಗೇ ತಪ್ಪು ಹೇಳ್ತಾ ಇರಲಿ, ಅಂದರು."