ದೊಡ್ಡಮ್ಮ ಮತ್ತು ಎರಡನೇ ಬ್ಲಾಕು

ನಮ್ಮ ದೊಡ್ಡಮ್ಮನಿಗೆ ಹೃದಯವೇ ಇಲ್ಲವೆಂದು ಯಸಳೂರಿನ ಅರ್ಧ ಜನ ನಂಬಿದ್ದರು. ಇದೆಯೆಂದು ಫೋಟೋ ಸಮೇತ ತೋರಿಸಿಕೊಟ್ಟವರು ಡಾಕ್ಟರು.

ಎಪ್ಪತ್ತೊಂಬತ್ತು ದಾಟಿದರೂ ಯಾರನ್ನೂ ನೆಟ್ಟಗೆ ಮಾತಾಡಿಸಿದವರಲ್ಲ. ಅಂಥವರು ಹೋದ ವರ್ಷ ಇದ್ದಕ್ಕಿದ್ದಂತೆ ಬದಲಾದರು. ಬಸ್ಸಿಗೆಂದು ಏರು ಹತ್ತುವಾಗ ಒಂದೊಂದು ಮನೆಯ ಗೇಟಿನಲ್ಲೂ ನಿಂತು ಮಗಳ ಬಾಣಂತನ, ಹಸುವಿನ ಹಾಲು, ಮೆಣಸಿನ ಬಳ್ಳಿಯ ರೋಗ ವಿಚಾರಿಸತೊಡಗಿದರು. ವಯಸ್ಸಿಗೆ ಮನಸ್ಸು ಮೆತ್ತಗಾಯಿತೆಂದು ಊರು ಕೊಂಡಾಡಿತು. ಎಲ್ಲಿಯ ಮೆತ್ತಗೆ? ಹತ್ತು ಹೆಜ್ಜೆಗೇ ಉಸಿರು ಸಿಗುತ್ತಿರಲಿಲ್ಲ, ಹಾಗೆಂದು ಬಾಯಿಬಿಡಲು ಹಟ ಬಿಡುತ್ತಿರಲಿಲ್ಲ! ಗುಟ್ಟು ರಟ್ಟಾದದ್ದು ಸಕಲೇಶಪುರದ ಬಸ್ಸಿನಲ್ಲಿ, ಕಂಡಕ್ಟರನನ್ನು ಬೈಯುತ್ತಾ ಅರ್ಧ ಬೈಗುಳಕ್ಕೇ ಕುಸಿದಾಗ. ನೀರು ಚಿಮುಕಿಸಿದೆವು. ಕಣ್ಣುಬಿಟ್ಟವರೇ ಉಳಿದರ್ಧ ಮುಗಿಸಿದರು.

ಮಂಗಳೂರಿನ ಆಸ್ಪತ್ರೆಯಲ್ಲಿ ವಿಷಯ ತಿಳಿಯಿತು. ಹೃದಯದಿಂದ ರಕ್ತ ಹೊರಡುವ ಬಾಗಿಲು, ಅಂದರೆ ಕವಾಟ, ಗಟ್ಟಿಯಾಗಿ ಕಿರಿದಾಗಿತ್ತು. ಎದೆ ಕೊಯ್ಯದೆ ತೊಡೆಯ ರಕ್ತನಾಳದ ಮೂಲಕವೇ ಹೊಸದನ್ನು ಕೂರಿಸಬಹುದಂತೆ. ಸಾಲದ್ದಕ್ಕೆ ಹೃದಯದ ನಾಳಗಳಲ್ಲಿ ಎರಡು ಬ್ಲಾಕು. ದೊಡ್ಡದಕ್ಕೆ ಮೊದಲು ಸ್ಟೆಂಟ್ ಹಾಕಿ, ಚಿಕ್ಕದನ್ನು ಹಾಗೇ ಬಿಡೋಣ ಎಂದದ್ದೇ ಡಾಕ್ಟರ ತಪ್ಪಾಯಿತು.

"ಬಂದಿರಾದೇ ಬಂದೀವಿ, ಅದುನ್ನೂ ಮಾಡ್ಬುಡಿ. ಅರ್ಧಂಬರ್ಧ ಕೆಲ್ಸ ನಂಗಾಗಕಿಲ್ಲ," ಎಂದರು ದೊಡ್ಡಮ್ಮ.

ಚಿಕ್ಕದು ರಕ್ತವನ್ನು ಅಷ್ಟಾಗಿ ತಡೆಯುತ್ತಿಲ್ಲ, ಅದಕ್ಕೆ ಮಾತ್ರೆ ಸಾಕು, ಬೇಡದ ಕಡೆ ಸ್ಟೆಂಟ್ ಹಾಕಿದರೆ ಈ ವಯಸ್ಸಿನಲ್ಲಿ ಲಾಭಕ್ಕಿಂತ ತೊಂದರೆಯೇ ಹೆಚ್ಚು ಎಂದು ಡಾಕ್ಟರು ಚಿತ್ರ ಬರೆದು ವಿವರಿಸಿದರು. ದೊಡ್ಡಮ್ಮ ಚಿತ್ರವನ್ನು ತಿರುಗಿಸಿ ತಿರುಗಿಸಿ ನೋಡಿದರು. ಚಿಕ್ಕದು ಮುಂದೆ ದೊಡ್ಡದಾದರೆ ಏನು ಗತಿ ಎಂದು ಕೇಳಿದರು. ಆಗ ನೋಡೋಣ ಎಂದರು ಡಾಕ್ಟರು. ನಲವತ್ತು ದಾಟಿರದ ಅವರನ್ನು ದೊಡ್ಡಮ್ಮ ಕನಿಕರದಿಂದ ದಿಟ್ಟಿಸಿದರು.

"ಆಗ ನೀವಿರ್ತೀರಾ?"

ಕೊನೆಗೆ ದೊಡ್ಡದಕ್ಕೆ ಮಾತ್ರ ಸ್ಟೆಂಟ್ ಆಯಿತು, ಕೆಲವು ವಾರ ಬಿಟ್ಟು ಕವಾಟವೂ ಕೂತಿತು. ಕವಾಟ ಕೂರಿಸುವಾಗ ದೊಡ್ಡಮ್ಮ ಅರೆ ಎಚ್ಚರದಲ್ಲೇ, ಅಲ್ಲಿದ್ದ ನರ್ಸಿನ ಊರು, ಮನೆತನ, ಮದುವೆ ಎಲ್ಲ ವಿಚಾರಿಸಿ ಮುಗಿಸಿದ್ದರಂತೆ.

ಮನೆಗೆ ಬಂದ ಮೂರನೇ ವಾರ, ಒಂದು ಬೆಳಿಗ್ಗೆ ಅವರು ಕಾಣಲಿಲ್ಲ. ಹುಡುಕುತ್ತಾ ಹೋದೆ. ತೋಟದ ನೆತ್ತಿಯಲ್ಲಿ ದೊಡ್ಡಪ್ಪನ ಸಮಾಧಿ ಇದೆ. ಹೋದ ವರ್ಷದಿಂದ ದೊಡ್ಡಮ್ಮ ಅತ್ತ ಕಾಲಿಟ್ಟಿರಲಿಲ್ಲ. ಮರೆತೇಬಿಟ್ಟರೆಂದು ನಾವು ಹಿಂದಿನಿಂದ ಆಡಿಕೊಂಡಿದ್ದೂ ಉಂಟು. ಅಲ್ಲಿ ಕೂತು ಕಳೆ ಕೀಳುತ್ತಿದ್ದರು. ನನ್ನ ಹೆಜ್ಜೆ ಸದ್ದು ಕೇಳಿದರೂ ತಿರುಗಲಿಲ್ಲ.

"ಬೈಬ್ಯಾಡ ಕಣೋ," ಎಂದರು. "ಹತ್ತಕ್ಕಾಗ್ತಿರ್ಲಿಲ್ಲ, ಅದ್ಕೇ ಬರ್ಲಿಲ್ಲ ಅಂತ ಅವ್ರಿಗೆ ಹೇಳ್ತಿದ್ದೆ."

ನಾನೂ ಪಕ್ಕದಲ್ಲಿ ಕೂತು ಕಳೆ ಕೀಳತೊಡಗಿದೆ.