ಕಾಲುವೆಗೆ ಹಾಕಿದ ಒಂದು ಚಿಟಿಕೆ

ವಿಜ್ಞಾನಕ್ಕೆ ನನ್ನಿಂದ ಏನಾದರೂ ಉಪಕಾರವಾಗಲೇಬೇಕೆಂದು ನಾನು ತೀರ್ಮಾನಿಸಿದ್ದು ಎಪ್ಪತ್ತರ ದಶಕದ ಕೊನೆಯಲ್ಲಿ. ಆಗ ಮಾನ್ವಿಯ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದೆ. ಕಾಲುವೆ ನೀರಿನಲ್ಲಿ ಮೀನಿನ ಮರಿಗಳು ಎಷ್ಟು ವೇಗವಾಗಿ ಕೊಚ್ಚಿಹೋಗುತ್ತವೆ ಎಂಬುದು ನನ್ನ ಸಂಶೋಧನೆ. ಅದಕ್ಕೆ ಮೊದಲು ನೀರಿನ ವೇಗ ಗೊತ್ತಾಗಬೇಕು.

ರಾಯಚೂರಿನಲ್ಲಿದ್ದ ನನ್ನ ಗುರುಗಳು ಬೆಂಡಿನ ತುಂಡು ತೇಲಿಬಿಟ್ಟು ಗಡಿಯಾರ ನೋಡುತ್ತಿದ್ದರು. ಗಾಳಿ ಬೀಸಿದರೆ ಬೆಂಡು ದಂಡೆಗೆ! ಈ ಪದ್ಧತಿಯನ್ನು ಸುಧಾರಿಸಲು ಹೊರಟವನು ನಾನು. ನೀರಿಗೇ ಬಣ್ಣ ಹಾಕಿ, ಅದು ಮುಂದಿನ ಸೇತುವೆ ಮುಟ್ಟಲು ಎಷ್ಟು ನಿಮಿಷ ಬೇಕೆಂದು ನೋಡಿದರಾಯಿತು. ಗುರುಗಳೇ ಒಂದು ಪೊಟ್ಟಣ ಕಿತ್ತಳೆ ಬಣ್ಣದ ಪುಡಿ ಕೊಟ್ಟು, "ಒಂದು ಚಿಟಿಕೆ ಸಾಕು" ಎಂದಿದ್ದರು.

ಒಂದು ಚಿಟಿಕೆ ಹಾಕಿದೆ. ಏನೂ ಕಾಣಲಿಲ್ಲ. ಅರ್ಧ ನಿಮಿಷವೂ ಕಾಯದೆ ಇಡೀ ಪೊಟ್ಟಣ ಸುರಿದೆ.

ಕಿತ್ತಳೆ ಪುಡಿ ಕರಗಿದ್ದೇ ತಡ, ಕಾಲುವೆ ಗಿಳಿಹಸಿರಾಯಿತು! ಬಿಸಿಲಿಗೆ ಫಳಫಳ ಹೊಳೆಯುತ್ತ ಆ ಹಸಿರು ನೇರವಾಗಿ ಹೆಂಗಸರು ನೀರು ತುಂಬುವ ಮೆಟ್ಟಿಲುಗಳತ್ತ ಹೊರಟಿತು. ಮೆಟ್ಟಿಲುಗಳ ವಿಚಾರ ನನ್ನ ಯೋಜನೆಯಲ್ಲಿ ಎಲ್ಲಿಯೂ ಇರಲಿಲ್ಲ. ನಾನೂ ದಂಡೆಗುಂಟ ಓಡಿದೆ.

"ಯವ್ವಾ, ನೀರ ನೋಡ್ರಬೇ! ಯಾರೋ ಜಹರ ಹಾಕ್ಯಾರ!"

ಕೊಡಗಳು ಉರುಳಿದವು. ಎಮ್ಮೆಗಳನ್ನು ಎಳೆದು ದಂಡೆಗೆ ಹತ್ತಿಸಿದರು. ಪಕ್ಕದಲ್ಲೇ ಚಹಾದ ಹೋಟೆಲು ಇಟ್ಟಿದ್ದ ಖಾಜಾಸಾಬ ಹೊರಗೆ ಬಂದು ಗುಡುಗಿದ: "ಹಾಕಿದಾವ ಸಿಗಲಿ, ಅವನ್ನ ಇದರಾಗ ಮುಳುಗಸ್ತೀನಿ!"

ಸತ್ಯ ಹೇಳಲು ಓಡಿಬಂದಿದ್ದ ನನ್ನ ಕಾಲುಗಳು ಅಲ್ಲೇ ನಿಂತವು. "ಯಾರು? ಯಾರು ಹಾಕಿದ್ದು?" ಎಂದು ನಾನೂ ಕೂಗಿದೆ!

ಅಷ್ಟರಲ್ಲಿ ಎದೆಯೊಳಗೆ ಬೇರೊಂದು ಭಯ ಎದ್ದಿತು. ಈ ಪುಡಿಯಿಂದ ಅಪಾಯವಿಲ್ಲ ಎಂದು ಗುರುಗಳು ಹೇಳಿದ್ದರೇ? ಒಂದು ಚಿಟಿಕೆ ಸಾಕು ಎಂದಿದ್ದರು. ಯಾತಕ್ಕೆ ಸಾಕು?

ಆಗ ನನ್ನ ಹೆಂಡತಿ ಶರಣಮ್ಮ ಗುಂಪು ಸೀಳಿಕೊಂಡು ಬಂದಳು. "ರೀ, ಜಲ್ದಿ ಬರ್ರಿ! ಅತ್ತಿ ಎರಡು ಬೊಗಸಿ ಕುಡದಾರ!"

ನನ್ನ ಅವ್ವ ಗದ್ದೆಯಲ್ಲಿ ಕಳೆ ತೆಗೆದು ಬಂದವಳು, ಮೆಟ್ಟಿಲ ಮೇಲೆ ಕುಳಿತಿದ್ದಳು. "ಗದ್ದಿ ಹಸರಿನ ನೆಳ್ಳ ಬಿದ್ದದಂತ ತಿಳದು ಕುಡದೆ, ಯಪ್ಪಾ" ಎಂದಳು.

"ನಾನಽ ಹಾಕೀನಿ! ದವಾಖಾನಿಗೆ ಗಾಡಿ ತರ್ರಿ!" ಎಂದು ಅಳುತ್ತಲೇ ಕಿರುಚಿದೆ.

ಖಾಜಾಸಾಬ ನನ್ನನ್ನು ಮುಳುಗಿಸಲಿಲ್ಲ. ಚಹಾದ ಗ್ಲಾಸಿನಲ್ಲಿ ಹಸಿರು ನೀರು ತುಂಬಿಕೊಂಡು ಬಂದು ಮರ್ಯಾದೆಯಿಂದ ಹೇಳಿದ: "ಕುಡೀರಿ ಸರ."

ಕುಡಿದೆ. ಅವ್ವ ಕುಡಿದದ್ದನ್ನು ನಾನು ಹೇಗೆ ಒಲ್ಲೆ ಎನ್ನಲಿ? ಗಾಡಿ ಬರುವವರೆಗೆ ತಾಯಿ ಮಗ ಇಬ್ಬರನ್ನೂ ಊರು ಕಣ್ಣು ಮಿಟುಕಿಸದೆ ನೋಡಿತು. ನಾನು ಅವ್ವನ ಮುಖ ನೋಡುತ್ತಿದ್ದೆ. ಅವಳು ತೇಗಿದಳು. ನನ್ನ ಜೀವ ಹಾರಿತು!

"ನನಗೇನೂ ಆಗಿಲ್ಲೋ. ನೀ ಯಾಕ ನಡಗಾಕತ್ತಿ?" ಎಂದಳು ಅವ್ವ.

ದವಾಖಾನೆಯಲ್ಲಿ ಡಾಕ್ಟರು ಇಬ್ಬರ ನಾಡಿಯನ್ನೂ ಹಿಡಿದು, ನನ್ನದೇ ಜೋರಾಗಿದೆ ಎಂದರು. ಅಲ್ಲಿಂದ ಅಂಚೆ ಕಚೇರಿಗೆ ಓಡಿ ಗುರುಗಳಿಗೆ ಟ್ರಂಕ್ ಕಾಲ್ ಮಾಡಿದೆ. "ಹೆದರಬೇಡಿ, ಅದು ಕಣ್ಣಿನ ಪರೀಕ್ಷೆಗೂ ಬಳಸುವ ಬಣ್ಣ. ಅಂದಹಾಗೆ, ಎಷ್ಟು ಹಾಕಿದಿರಿ?" ಎಂದರು.

ಲೈನ್ ಚೆನ್ನಾಗಿಯೇ ಇತ್ತು. ಆದರೂ ನಾನು "ಹಲೋ, ಹಲೋ" ಎಂದು ಫೋನ್ ಇಟ್ಟೆ.

ಮರುದಿನ ಬೆಳಿಗ್ಗೆ ಬಚ್ಚಲಿನಲ್ಲಿ ಕಂಡ ಹಸಿರಿನ ವಿಷಯ ಇಲ್ಲಿ ಬೇಡ.

ವಾರದ ನಂತರ ವರದಿ ಬರೆದೆ. ಬಣ್ಣ ಸೇತುವೆ ಮುಟ್ಟಿದ ಸಮಯದ ಕಾಲಮ್ಮಿನಲ್ಲಿ ಪ್ರಾಮಾಣಿಕವಾಗಿ ನಮೂದಿಸಿದೆ: "ವೀಕ್ಷಕನು ಓಡುತ್ತಿದ್ದುದರಿಂದ ದಾಖಲಾಗಿಲ್ಲ."

ಗುರುಗಳು ಅದರ ಕೆಳಗೆ ಕೆಂಪು ಶಾಯಿಯಲ್ಲಿ ಬರೆದು ಕಳಿಸಿದರು: "ವೀಕ್ಷಕನ ವೇಗವನ್ನಾದರೂ ಬರೆಯಬಹುದಿತ್ತು."